ಶುಕ್ರವಾರದ ಎಣ್ಣೆ, ಭಾನುವಾರದ ಅಂಟು

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆಯುವುದಕ್ಕೆ ಹಿಂದಿನ ಬೇಸಿಗೆ. ಅತ್ತೆ ಮೈಸೂರಿನಿಂದ ಅಮೆರಿಕಕ್ಕೆ ಬಂದು ಮಾರಿಸ್‌ವಿಲ್‌ನ ನಮ್ಮ ಮನೆಯಲ್ಲಿದ್ದರು. ಊರೆಂದು ಕರೆಯುವಂಥದ್ದು ಅಲ್ಲಿ ಆಗ ಏನೂ ಇರಲಿಲ್ಲ. ಪೈನ್ ಮರಗಳು, ಕೆಂಪು ಮಣ್ಣು, ಛಾವಣಿಯ ಮೇಲೆ ತಗ್ಗಿ ಹಾರುವ ವಿಮಾನಗಳು, ನಡುವೆ ನಮ್ಮಂಥವರ ಒಂದಷ್ಟು ಟೌನ್‌ಹೌಸುಗಳು. ಊಟವಾದ ಮೇಲೆ ಅತ್ತೆ ಮುಂದಿನ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. "ಇಷ್ಟು ಹೊತ್ತಾಯ್ತು, ಒಬ್ಬ ಮನುಷ್ಯ ಕಾಲಲ್ಲಿ ನಡ್ಕೊಂಡು ಹೋಗಿದ್ದು ಕಾಣಲಿಲ್ವಲ್ಲೇ" ಎಂದು ದಿನವೂ ಅನ್ನುತ್ತಿದ್ದರು. ನಾನು ದಿನವೂ "ಹೂಂ ಅತ್ತೆ" ಅನ್ನುತ್ತಿದ್ದೆ.

ಮನೆಯಲ್ಲಿ ಅವರಿಗೆ ಮಾಡಲು ಕೆಲಸವಿರಲಿಲ್ಲ. ಪಾತ್ರೆ ಮುಟ್ಟಿದರೆ ಡಿಶ್‌ವಾಶರ್ ಇದೆ ಎನ್ನುತ್ತಿದ್ದೆ, ಬಟ್ಟೆ ಮುಟ್ಟಿದರೆ ಡ್ರೈಯರ್ ಇದೆ ಎನ್ನುತ್ತಿದ್ದೆ. ಒಂದು ದಿನ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಾನಿಲ್ಲಿ ನೆಂಟರ ಹಾಗಿದೀನಿ, ಅಷ್ಟೆ" ಅಂದರು. ಆ ಮಾತು ನನ್ನನ್ನು ಚುಚ್ಚಿತು.

ಹೀಗಿರುವಾಗ ದೇವಸ್ಥಾನದಲ್ಲಿ ಮಂಗಳಾರತಿ ಮುಗಿದ ಮೇಲೆ ಒಬ್ಬರು ಮೈಕ್ ಹಿಡಿದು, ಹತ್ತಿರದ ಕಾಲೇಜಿನಲ್ಲಿ ಹುಡುಗಿಯರ ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಪಂದ್ಯಗಳು ನಡೆಯಲಿವೆ, ಭಾರತದ ತಂಡವೂ ಬರುತ್ತಿದೆ, ಮಕ್ಕಳಿಗೆ ಮನೆ ಊಟ ಹಾಕಿ ಮಲಗಲು ಜಾಗ ಕೊಡುವವರು ಹೆಸರು ಕೊಡಿ ಎಂದರು. ನಾನು ಗಂಡನ ಮುಖ ನೋಡುವಷ್ಟರಲ್ಲಿ ಅತ್ತೆ ಕೈ ಎತ್ತಿಯಾಗಿತ್ತು.

ನಮ್ಮ ಪಾಲಿಗೆ ಇಬ್ಬರು ಬಂದರು. ಒಬ್ಬಳು ಹರಿಯಾಣದವಳು, ಗೋಲ್‌ಕೀಪರ್, ಬಾಗಿಲಿನಷ್ಟು ಎತ್ತರ, ಮಾತಿಗಿಂತ ನಗು ಜಾಸ್ತಿ. ಇನ್ನೊಬ್ಬಳು ನಮ್ಮವಳೇ, ಗದಗಿನ ಕಡೆಯ ಹುಡುಗಿ. ಹದಿನೇಳು ಇರಬಹುದು. ಸಣ್ಣ ಮೈ, ಮೊಣಕಾಲಿನ ಮೇಲೆ ಹಳೆಯ ಗಾಯದ ಕಲೆಗಳು, ಸೊಂಟದವರೆಗೆ ಜಡೆ. ಎಡಗೈಯವಳು. ಹ್ಯಾಂಡ್‌ಬಾಲಿನಲ್ಲಿ ಎಡಗೈಯವರಿಗೆ ಬಹಳ ಬೆಲೆಯಂತೆ. ಬಲಗಡೆಯಿಂದ ನುಗ್ಗಿ ಗೋಲಿಗೆ ಎಸೆಯಲು ಅವರೇ ಬೇಕಂತೆ. ನನಗೆ ಆ ಆಟದ ಗಂಧವೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ನನ್ನ ಮಗಳು, "ಅಮ್ಮ, ಇಟ್ಸ್ ಲೈಕ್ ಸಾಕರ್, ಬಟ್ ಕೈಯಲ್ಲಿ" ಎಂದು ಒಂದೇ ಮಾತಿನಲ್ಲಿ ತಿಳಿಸಿದಳು.

ಅತ್ತೆಗೆ ಕಳೆ ಬಂದುಬಿಟ್ಟಿತು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಹಿಟ್ಟು ಕಲಸಿರುತ್ತಿದ್ದರು. ಗದಗಿನ ಹುಡುಗಿ ಅವರ ಹಿಂದೆ ಮುಂದೆ ಓಡಾಡುತ್ತ, ಎಂಥ ಸಣ್ಣ ಕೆಲಸಕ್ಕೂ "ತರ್ತೀನ್ರಿ ಅಜ್ಜಿ" ಎನ್ನುತ್ತಿದ್ದಳು.

"ನಿನ್ನ ಕನ್ನಡ ಕೇಳ್ತಿದ್ರೆ ಮಾತಾಡ್ತಿದೀಯೋ ಜಗಳ ಆಡ್ತಿದೀಯೋ ಗೊತ್ತಾಗಲ್ಲ ಕಣೇ" ಎಂದು ಅತ್ತೆ ಛೇಡಿಸಿದರೆ,

"ಜಗಳಾ ತಗದ್ರ ನಿಮಗ ಗೊತ್ತಾಕ್ಕೈತಿ ಬಿಡ್ರಿ ಅಜ್ಜಿ, ಕಾಲೊನಿ ಎಲ್ಲಾ ಎದ್ದು ಕುಂದರತೈತಿ" ಎನ್ನುತ್ತಿದ್ದಳು.

"ನೋಡ್ದ್ಯೇನೇ" ಎಂದು ಅತ್ತೆ ನನ್ನ ಕಡೆ ತಿರುಗಿ, "ಮನೆ ಅಂದ್ರೆ ಹೀಗೆ ಗಲಗಲ ಅನ್ಬೇಕು" ಎನ್ನುತ್ತಿದ್ದರು. ಅದು ನನಗೆ ಹೇಳಿದ ಮಾತೇ ಎಂದು ಗೊತ್ತಾದರೂ ಬೇಸರವಾಗುತ್ತಿರಲಿಲ್ಲ. ಮನೆ ನಿಜವಾಗಿ ಗಲಗಲ ಎನ್ನುತ್ತಿತ್ತು.

ಗುರುವಾರ ಸಂಜೆ ಹುಡುಗಿ ಅಭ್ಯಾಸ ಮುಗಿಸಿ ಬಂದು ಅಡುಗೆಮನೆಯ ಸಿಂಕಿನ ಮುಂದೆ ನಿಂತು ಕೈ ತಿಕ್ಕುತ್ತಿದ್ದಳು, ತಿಕ್ಕುತ್ತಲೇ ಇದ್ದಳು. ಅತ್ತೆ ಮಹಡಿಯ ಮೇಲೆ ದೇವರ ಮುಂದೆ ಕೂತಿದ್ದರು. ನಾನು ಹೋಗಿ ನೋಡಿದರೆ ಎಡಗೈಯ ಬೆರಳೆಲ್ಲ ಕಂದು ಬಣ್ಣದ ಅಂಟು, ಹಲಸಿನ ಹಣ್ಣು ಬಿಡಿಸಿದವರ ಕೈಯ ಹಾಗೆ.

"ಏನಮ್ಮ ಇದು?"

"ಅಂಟ್ರಿ ಆಂಟಿ. ಒಂದ್ ಡಬ್ಬಿ ಕೊಟ್ಟಾರ ನಮ್ಮ ಕೋಚ್ ಮೇಡಂ. ಎಲ್ಲಾ ದೇಶದಾವ್ರೂ ಹಚ್ಚಿಕೊಂಡ ಆಡ್ತಾರ. ನಮ್ಮೂರಾಗ ನಾವು ಮಣ್ಣಿನ ಮ್ಯಾಗ ಬರೇಗೈಲೆ ಆಡೂದು, ಇದನ್ನ ಕಂಡೇ ಇದ್ದಿಲ್ಲ." ಅವಳು ಅಂಗೈ ಬಿಚ್ಚಿ ತೋರಿಸಿದಳು. "ನನ್ನ ಕೈ ಸಣ್ಣವು ನೋಡ್ರಿ. ಒಂದ ಕೈಲೆ ಚೆಂಡ ಹಿಡಿಯಾಕ ಆಗೂದಿಲ್ಲ. ಇದನ್ನ ಹಚ್ಚಿಕೊಂಡ ಮ್ಯಾಲೆ ಚೆಂಡು ಕೈಯಾಗ ಸುಮ್ನ ಕುಂದರತೈತಿ. ಈ ಮೂರ್ ದಿನದಾಗ ನಾ ಎಸದಂಗ ಜೀವನದಾಗ ಎಸದಿಲ್ಲ."

ಸೋಪಿಗೆ ಅದು ಜಗ್ಗುವುದಿಲ್ಲ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಕೊಬ್ಬರಿ ಎಣ್ಣೆಯ ಡಬ್ಬಿ ತಂದು ಅವಳ ಬೆರಳಿಗೆ ಹಚ್ಚಿ ತಿಕ್ಕಿದೆ. ಅಂಟು ಕರಗಿ ಜಾರಿ ಬಂತು. ಅವಳು ಕಣ್ಣರಳಿಸಿದಳು.

"ಅಯ್ಯ! ಎಣ್ಣಿ ಮುಟ್ಟಿದ್ರ ಇಷ್ಟ ಸಲೀಸಾ?"

"ಎಣ್ಣೆ ಮುಟ್ಟಿದ ಮೇಲೆ ಯಾವ ಅಂಟೂ ನಿಲ್ಲಲ್ಲ ಕಣಮ್ಮ" ಅಂದೆ. ನನ್ನ ಬಾಯಿಂದಲೇ ಬಂದ ಮಾತು.

ಮರುದಿನ ಶುಕ್ರವಾರ ಮಧ್ಯಾಹ್ನ ಅಮೆರಿಕದ ಹುಡುಗಿಯರ ಮೇಲೆ ಪಂದ್ಯವಿತ್ತು. ಯುರೋಪಿನ ತಂಡಗಳ ಮುಂದೆ ನಮ್ಮವರು ಸೋತಿದ್ದರು. ಇದೊಂದನ್ನು ಗೆಲ್ಲಬಹುದು ಎಂದು ತಂಡದವರೆಲ್ಲ ಕಾದುಕೊಂಡಿದ್ದ ಪಂದ್ಯ. ನಾನು ಅವರ ಡಬ್ಬಿಗೆ ಚಿತ್ರಾನ್ನ ಕಲಸುತ್ತಿದ್ದೆ. ಒಲೆಯ ಇನ್ನೊಂದು ಉರಿಯ ಮೇಲೆ ಅತ್ತೆ ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಸೇರಿಸಿ ಬೆಚ್ಚಗೆ ಮಾಡುತ್ತಿದ್ದರು, ಏನನ್ನೋ ಗುನುಗುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಅವರ ಗಂಟಲಿನಿಂದ ಹಾಡಿನ ಸದ್ದು ಬಂದದ್ದು ಅದೇ ಮೊದಲು.

"ಬಾರೇ ಇಲ್ಲಿ. ಶುಕ್ರವಾರ ಇವತ್ತು. ಹೆಣ್ಣುಮಕ್ಕಳು ಮನೆಗೆ ಬಂದು, ಎಣ್ಣೆನೀರು ಹಾಕದೆ ಕಳಿಸ್ತಾರೇನೇ ಯಾರಾದ್ರೂ?"

ಹರಿಯಾಣದ ಹುಡುಗಿಗೆ ಬಟ್ಟಲು ಕಂಡದ್ದೇ ಅರ್ಥವಾಯಿತು. "ನಹೀ ದಾದೀ, ನಹೀ!" ಎಂದು ನಗುತ್ತ ಮಹಡಿಗೆ ಓಡಿ ಬಾತ್‌ರೂಮಿನ ಚಿಲಕ ಹಾಕಿಕೊಂಡಳು. ಅತ್ತೆಯೂ ನಕ್ಕರು. ಗದಗಿನ ಹುಡುಗಿಗೆ ಹಾಗೆ ಓಡಲು ಬರಲಿಲ್ಲ. ಅವಳಿಗೆ ಅಜ್ಜಿಯ ಪ್ರತಿ ಮಾತೂ ಅರ್ಥವಾಗಿತ್ತು. ಹಿರಿಯರು ಎಣ್ಣೆ ಬಟ್ಟಲು ಹಿಡಿದು ಕರೆದಾಗ ಬೇಡ ಅನ್ನಬಾರದು ಎನ್ನುವುದೂ ಗೊತ್ತಿತ್ತು. ಅವಳು ನನ್ನ ಕಡೆ ತಿರುಗಿದಳು.

"ಆಂಟಿ, ಇವತ್ತ ಮ್ಯಾಚ್ ಐತಲ್ರಿ..."

ಅವಳ ನೋಟ ನನಗೆ ಪೂರ್ತಿ ಅರ್ಥವಾಯಿತು. ಹಿಂದಿನ ಸಂಜೆಯ ಸಿಂಕು, ಅಂಟು, ನಾನು ಹೇಳಿದ ಮಾತು, ಎಲ್ಲವೂ ಅದರಲ್ಲಿತ್ತು. ನಾನು ಒಂದು ಮಾತು ಹೇಳಬಹುದಿತ್ತು. "ಅತ್ತೆ, ಇವತ್ತು ಬೇಡ, ಸೋಮವಾರ ಹಾಕಿ" ಅಂದಿದ್ದರೆ ಅವರು ಕೇಳದವರಲ್ಲ. ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡು ಬಟ್ಟಲು ಇಟ್ಟುಬಿಡುತ್ತಿದ್ದರು. ಆ ಸಪ್ಪೆ ಮುಖವನ್ನು ಮತ್ತೆ ನೋಡುವುದು ನನಗೆ ಬೇಕಿರಲಿಲ್ಲ.

"ಹಚ್ಚಿಸ್ಕೊಳಮ್ಮ, ಪರವಾಗಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದ್ರೆ ಹೋಗತ್ತೆ" ಅಂದು ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದೆ.

ಅವಳು ಮಣೆಯ ಮೇಲೆ ಕೂತಳು. ಅತ್ತೆ ನೆತ್ತಿಗೆ ತಟ್ಟಿ ತಟ್ಟಿ ಎಣ್ಣೆ ಇಳಿಸಿದರು, ಜಡೆ ಬಿಚ್ಚಿ ತುದಿಯವರೆಗೂ ನೀವಿದರು. ತೋಳು, ಮೊಣಕಾಲು, ಅಂಗೈ, ಬೆರಳ ಸಂದಿ. "ಎಷ್ಟು ಗಟ್ಟಿ ಕೈಯೇ ನಿಂದು, ಪಾಪ" ಅನ್ನುತ್ತಿದ್ದರು. ಆಮೇಲೆ ಬಾತ್‌ಟಬ್ಬಿನಲ್ಲಿ ಕೂರಿಸಿ, ಷವರ್ ಬೇಡವೆಂದು ಪ್ಲಾಸ್ಟಿಕ್ ಜಗ್ಗಿನಿಂದ ಬಿಸಿನೀರು ಹುಯ್ದರು. ಸೀಗೆಪುಡಿ ಹಾಕಿ ತಿಕ್ಕಿದ್ದೇನೋ ಹೌದು. ಹರಳೆಣ್ಣೆ ಒಂದು ನೀರಿಗೆ ಹೋಗುವಂಥದ್ದಲ್ಲ. ಹೊರಡುವಾಗಲೂ ಅವಳ ಹಣೆ ಮಿರಮಿರ ಮಿಂಚುತ್ತಿತ್ತು. ಲಕ್ಷಣವಾಗಿದ್ದಳು. ಅತ್ತೆ ದೃಷ್ಟಿ ತೆಗೆದರು.

ಅತ್ತೆ ಶುಕ್ರವಾರದ ದೀಪ ಹಚ್ಚಬೇಕೆಂದು ಮನೆಯಲ್ಲೇ ಉಳಿದರು. ನಾನೂ ಮಗಳೂ ಕಾಲೇಜಿಗೆ ಹೋಗಿ ಮರದ ಮೆಟ್ಟಿಲುಗಳ ಮೇಲೆ ಕೂತೆವು.

ಆಟ ಶುರುವಾಗಿ ಬೆವರು ಇಳಿಯುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಅವಳು ಹಣೆಯನ್ನು ಎಡಗೈಯ ಹಿಂಬದಿಯಿಂದ ಒರೆಸಿಕೊಂಡಳು, ಕೈಯನ್ನು ಚಡ್ಡಿಗೆ ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ. ಚೆಂಡು ಅವಳ ಕೈಗೆ ಬಂದು ಹೊರಟುಹೋಯಿತು. ಇನ್ನೊಮ್ಮೆ ಎಸೆಯಲು ಹಾರಿದಳು, ಚೆಂಡು ಅವಳಿಗಿಂತ ಮೊದಲೇ ಕೆಳಗೆ ಬಿತ್ತು. ಅವಳು ಬದಿಗೆ ಓಡಿ ಡಬ್ಬಿಯಿಂದ ಅಂಟು ತೆಗೆದು ಮೆತ್ತಿಕೊಂಡಳು. ಎಣ್ಣೆಯ ಮೇಲೆ ಅಂಟು ಮೆತ್ತಿದರೆ ಅದು ಅಂಟಲ್ಲ, ಇನ್ನೊಂದು ಬಗೆಯ ಎಣ್ಣೆ. ಜೊತೆಗಾರ್ತಿಯೊಬ್ಬಳು ಅವಳಿಂದ ಚೆಂಡು ತೆಗೆದುಕೊಂಡು ತನ್ನ ಅಂಗೈ ನೋಡಿಕೊಂಡಳು.

"ಅಮ್ಮ, ಹರ್ ಹ್ಯಾಂಡ್ಸ್ ಆರ್ ಸ್ಲಿಪರಿ" ಅಂದಳು ಮಗಳು. "ಅಜ್ಜಿ ಆಯಿಲ್ ಹಾಕಿದ್ರಲ್ಲ, ಅದಕ್ಕೆ."

"ಸುಮ್ನೆ ನೋಡು" ಎಂದು ಗದರಿದೆ.

ಕೊನೆಗೆ ಎರಡೂ ತಂಡಗಳ ಗೋಲು ಸಮವಾಗಿರುವಾಗ ನಮ್ಮವರಿಗೆ ಏಳು ಮೀಟರ್ ಎಸೆತ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ, ಬೇರೆ ಯಾರೂ ಅಡ್ಡ ಬರುವಂತಿಲ್ಲ. ಅದನ್ನು ಎಸೆಯುವುದು ಯಾವಾಗಲೂ ಇವಳೇ. ಇವಳು ಕೈ ಹಿಂದಕ್ಕೆ ಎಳೆದಳು. ಚೆಂಡು ಹಿಂದೆಯೇ ಜಾರಿ ಬಿದ್ದು, ಅವಳ ಖಾಲಿ ಕೈ ಮಾತ್ರ ಮುಂದಕ್ಕೆ ಬಂತು. ನೋಡುತ್ತಿದ್ದವರು ಕೆಲವರು ನಕ್ಕರು. ಬಿದ್ದ ಚೆಂಡನ್ನು ಎತ್ತಿಕೊಂಡ ಅಮೆರಿಕದ ಹುಡುಗಿಯರು ಆ ಕಡೆ ಓಡಿ ಗೋಲು ಹೊಡೆದರು. ಪಂದ್ಯ ಮುಗಿಯಿತು.

ಕೋಚ್ ಸಿಟ್ಟಿನ ಹೆಂಗಸು, ಅವರೂ ಹರಿಯಾಣದವರೇ. ಎಲ್ಲರೆದುರು, "ಡರ್ ಗಯೀ ತೂ" ಅಂದರು. ಹೆದರಿಬಿಟ್ಟೆ ನೀನು, ಹೆದರುವವಳಿಗೆ ನನ್ನ ತಂಡದಲ್ಲಿ ಜಾಗವಿಲ್ಲ, ಭಾನುವಾರ ಬೆಂಚಿನ ಮೇಲೆ ಕೂತು ನೋಡು ಎಂದರು. ಭಾನುವಾರದ್ದೇ ಕೊನೆಯ ಪಂದ್ಯ. ಅಷ್ಟು ದೂರದಿಂದ ಬಂದ ಹುಡುಗಿ, ಹೆದರಿದವಳು ಎನ್ನಿಸಿಕೊಂಡು ಊರಿಗೆ ಹೋಗಬೇಕು. ಎಣ್ಣೆ ಎನ್ನುವ ಒಂದು ಶಬ್ದ ಅವಳ ಬಾಯಿಂದ ಬರಲಿಲ್ಲ. ಹರಿಯಾಣದ ಹುಡುಗಿ ಬಾಯಿ ತೆರೆಯಲು ಹೋದಾಗ ಇವಳು ಅವಳ ಕೈ ಹಿಡಿದು ಜಗ್ಗಿದ್ದು ನನಗೆ ಮೇಲಿನಿಂದ ಕಾಣಿಸಿತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು. "ಗೆದ್ರೇನ್ರೇ?"

"ಇಲ್ರಿ ಅಜ್ಜಿ. ನಂದ ತಪ್ಪಾತು."

"ಹೋಗ್ಲಿ ಬಿಡು, ಆಟ ತಾನೆ. ಇವತ್ತು ಒಳ್ಳೇ ನಿದ್ದೆ ಬರತ್ತೆ ನೋಡು, ಎಣ್ಣೆನೀರು ಹಾಕಿದೀನಲ್ಲ."

"ಹೌದ್ರಿ ಅಜ್ಜಿ" ಅಂದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ತಟ್ಟೆಗೆ ಬಡಿಸಿದ್ದನ್ನು ಬಿಡದೆ ಉಂಡು, ತೊಳೆಯಬೇಡವೆಂದರೂ ತಟ್ಟೆ ತೊಳೆದಿಟ್ಟು ಮಲಗಲು ಹೋದಳು.

ಶನಿವಾರ ಅವರ ಊಟದ ಡಬ್ಬಿಯ ನೆಪ ಮಾಡಿಕೊಂಡು ಅಭ್ಯಾಸ ನಡೆಯುವಲ್ಲಿಗೆ ಹೋದೆ. ದಾರಿಯುದ್ದಕ್ಕೂ ಕಾರಿನಲ್ಲಿ ನನ್ನ ಮುರುಕು ಹಿಂದಿಯನ್ನು ಜೋಡಿಸಿಕೊಳ್ಳುತ್ತಿದ್ದೆ. ಹುಡುಗಿ ಬೆಂಚಿನ ಮೇಲೆ ಕೂತು ಉಳಿದವರ ನೀರಿನ ಬಾಟಲಿ ತುಂಬುತ್ತಿದ್ದಳು. ನಾನು ಕೋಚ್ ಹತ್ತಿರ ಹೋಗಿ, ಅವಳು ಹೆದರಿದ್ದಲ್ಲ, ಅವಳ ಮೈಗೆ ತಲೆಗೆ ಎಣ್ಣೆ ಹಚ್ಚಿತ್ತು, ಅದಕ್ಕೇ ಚೆಂಡು ನಿಲ್ಲಲಿಲ್ಲ ಎಂದೆ.

ಅವರಿಗೆ ಮೊದಲು ನಂಬಿಕೆಯೇ ಬರಲಿಲ್ಲ. "ಎಣ್ಣೆ? ಮ್ಯಾಚಿನ ದಿನ? ಯಾರು ಹಚ್ಚಿದ್ದು?"

ನಾನು ಜೋಡಿಸಿಕೊಂಡು ಬಂದ ವಾಕ್ಯ "ನಾನೇ ಹಚ್ಚಿಸ್ಕೋ ಅಂದೆ" ಎಂಬುದಾಗಿತ್ತು. ಬಾಯಿಂದ ಬಂದದ್ದು "ಮೇರಿ ಸಾಸ್" ಎಂದು. ನನ್ನ ಅತ್ತೆ.

ಕೋಚ್ ಒಂದು ಕ್ಷಣ ನನ್ನನ್ನೇ ನೋಡಿ ಗೊಳ್ಳೆಂದು ನಕ್ಕುಬಿಟ್ಟರು. "ಸಾಸ್! ಸಾಸಿನ ಮುಂದೆ ಯಾರ ಆಟ ನಡೆಯುತ್ತೆ ಹೇಳಿ!" ನನ್ನ ಭುಜ ತಟ್ಟಿದರು. ಪಾಪ, ನಿಮ್ಮದೇನು ತಪ್ಪು, ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಎಂದರು. ನಾನೂ ನಕ್ಕೆ. ನಕ್ಕಿದ್ದು ಹೌದು. ಹುಡುಗಿ ಬಾಟಲಿ ಹಿಡಿದುಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಆಗ ನನ್ನ ಕಡೆ ನೋಡಿದಳು, ಮಣೆಯ ಮೇಲೆ ಕೂರುವ ಮುಂಚೆ ನೋಡಿದ ಹಾಗೇ. ಆಮೇಲೆ ಮುಂದಿನ ಬಾಟಲಿಗೆ ಕೈ ಹಾಕಿದಳು.

ಅವಳಿಗೆ ಭಾನುವಾರದ ಆಟ ಸಿಕ್ಕಿತು. ಆದರೆ ಇಬ್ಬರೂ ಇನ್ನು ಕಾಲೇಜಿನ ಹಾಸ್ಟೆಲಿನಲ್ಲೇ ಮಲಗಲಿ, ಬಟ್ಟೆಬರೆ ತಂದುಕೊಡಿ ಎಂದರು ಕೋಚ್. ಮನೆಗೆ ಬಂದರೆ ಅತ್ತೆ ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬುತ್ತಿದ್ದರು. "ಅವರ ಕಡೆ ಹೋಳಿಗೆ ಅಂದ್ರೆ ಪ್ರಾಣ ಅಂತೆ ಕಣೆ. ರಾತ್ರಿ ಬಿಸಿಬಿಸಿ ಹಾಕ್ಬೇಕು."

"ಅವರು ಬರಲ್ಲ ಅತ್ತೆ. ಕೊನೇ ಮ್ಯಾಚಿಗೆ ಎಲ್ಲರೂ ಒಟ್ಟಿಗೆ ಇರ್ಬೇಕಂತೆ. ಟೀಮ್ ರೂಲು."

ರುಬ್ಬುವ ಸದ್ದು ನಿಂತಿತು. "ಹೌದಾ" ಅಂದು, ಹೂರಣದ ಮೇಲೆ ತಟ್ಟೆ ಮುಚ್ಚಿ, "ನಾಳೆ ಕಟ್ಕೊಂಡು ಹೋಗೋಣ ಬಿಡು. ನಾನೂ ಬರ್ತೀನಿ" ಅಂದರು.

ಭಾನುವಾರ ಅತ್ತೆ ಇಸ್ತ್ರಿ ಮಾಡಿದ ವಾಯಿಲ್ ಸೀರೆಯುಟ್ಟು, ಮಡಿಲಲ್ಲಿ ಹೋಳಿಗೆ ಡಬ್ಬಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಆಟ ಅವರಿಗೆ ಏನೂ ಅರ್ಥವಾಗಲಿಲ್ಲ. ಎದುರಿನ ತಂಡದವರು ಗದಗಿನ ಹುಡುಗಿಯನ್ನು ತಳ್ಳಿದಾಗೆಲ್ಲ "ಅಯ್ಯೋ ಇವರ ಮನೆ ಹಾಳಾಗ, ನೋಡ್ರೇ ಹೇಗೆ ದಬ್ತಾರೆ" ಎನ್ನುತ್ತಿದ್ದರು. ಇವಳು ಅವತ್ತು ಬೇರೆಯೇ ಹುಡುಗಿ. ಚೆಂಡು ಅವಳ ಎಡಗೈಯಲ್ಲಿ ಬೆಳೆದುಬಂದ ಹಾಗಿತ್ತು. ಹಾರುವಳು, ಗಾಳಿಯಲ್ಲಿ ನಿಂತ ಹಾಗೆ ನಿಲ್ಲುವಳು, ಆಮೇಲೆ ಎಸೆಯುವಳು. ಏಳು ಮೀಟರ್ ಎಸೆತ ಬಂದಾಗ ಕೋಚ್ ಅವಳನ್ನೇ ಕಳಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಮಗಳು ಕಿರುಚಿದ ಮೇಲೆ ಗೋಲಾಯಿತೆಂದು ತಿಳಿಯಿತು. ನಮ್ಮವರು ಗೆದ್ದರು. ಪಟ್ಟಿಯ ಕೆಳಗಿನ ತಂಡಗಳ ನಡುವಿನ ಗೆಲುವು ಅದು. ಆದರೂ ಹುಡುಗಿಯರು ನೆಲದ ಮೇಲೆ ಬಿದ್ದು ಹೊರಳಾಡಿದರು.

ಅವಳು ಎದ್ದವಳೇ ಮೆಟ್ಟಿಲು ಹತ್ತಿ ಓಡಿಬಂದಳು. ಅತ್ತೆಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಗೆದ್ದೇವ್ರಿ ಅಜ್ಜಿ! ನೋಡಿದ್ರಿಲ್ಲೋ? ನಾ ಹೊಡದೆ ನೋಡ್ರಿ!" ಅಂದಳು. ಅತ್ತೆ ಅಲ್ಲೇ ಹೋಳಿಗೆ ಮುರಿದು ಅವಳ ಬಾಯಿಗಿಟ್ಟರು. ನನಗೂ "ಬರ್ತೀನ್ರಿ ಆಂಟಿ" ಅಂದಳು. ಕಾಲಿಗೆ ನಮಸ್ಕಾರ ಮಾಡಲು ಬಂದಾಗ ನಾನು ಹಿಂದೆ ಸರಿದೆ.

ಕಾರಿನಲ್ಲಿ ಅತ್ತೆ ಅಂಗೈ ಬಿಚ್ಚಿ ಮುಚ್ಚಿ ನೋಡಿಕೊಳ್ಳುತ್ತಿದ್ದರು. "ಏನೇ ಇದು, ಆ ಹುಡುಗಿ ಕೈ ಹಿಡಿದಿದ್ದೇ ನನ್ನ ಕೈಯೆಲ್ಲ ಅಂಟು. ಹಲಸಿನ ಹಣ್ಣು ಬಿಡಿಸಿದ ಹಾಗಿದೆಯಲ್ಲ."

"ಚೆಂಡು ಜಾರದ ಹಾಗೆ ಹಚ್ಚಿಕೋತಾರೆ ಅತ್ತೆ" ಅಂದೆ. ನೋಟವನ್ನು ರಸ್ತೆಯ ಮೇಲಿಂದ ಕೀಳಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಹೋಗಿದ್ದಳು.

ಮನೆಗೆ ಬಂದು ಅತ್ತೆ ಸಿಂಕಿನ ಮುಂದೆ ನಿಂತು ಸೋಪು ಹಾಕಿ ನೋಡಿದರು, ಹೋಗಲಿಲ್ಲ. "ಸೋಪಿಗೆಲ್ಲ ಬಗ್ಗಲ್ಲ ಇದು" ಎಂದು ತಾವೇ ಕೊಬ್ಬರಿ ಎಣ್ಣೆಯ ಡಬ್ಬಿಗೆ ಕೈ ಹಾಕಿದರು. ಅಷ್ಟು ವರ್ಷ ಹಲಸಿನ ಹಣ್ಣು ಬಿಡಿಸಿದ ಕೈ. ಎಣ್ಣೆ ಹಚ್ಚಿ ಉಜ್ಜಿದರು. ಅಂಟು ಕರಗಿತು. ಅವರು ಎರಡು ಬೆರಳನ್ನು ಒಂದಕ್ಕೊಂದು ತಾಗಿಸಿ ಜಾರಿಸಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಕೈ ಹಾಗೇ ನಿಂತಿತು.

"ಶುಕ್ರವಾರ ಆ ಮಗು ಸೋತಿದ್ದು..." ಅಂದರು. ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು.

ಟೀಮ್ ರೂಲು ಎನ್ನುವ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ನನಗೆ ಸಿಗಲಿಲ್ಲ. "ನನಗೆ ಗೊತ್ತಿತ್ತು ಅತ್ತೆ. ಹಿಂದಿನ ಸಂಜೆ ಇದೇ ಸಿಂಕಲ್ಲಿ ಅವಳ ಕೈ ನಾನೇ ಎಣ್ಣೆ ಹಾಕಿ ತೊಳೆದಿದ್ದೆ. ಅವಳು ಬೇಡ ಅನ್ನೋ ಹಾಗೆ ನನ್ನ ನೋಡಿದಳು. ನಾನೇ ಹಚ್ಚಿಸ್ಕೋ ಅಂದೆ. ಆಮೇಲೆ ಕೋಚ್ ಹತ್ತಿರ ನಿಮ್ಮ ಹೆಸರು ಹೇಳಿದೆ."

ಅವರು ತಿರುಗಿ ನೋಡಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, "ಗೊತ್ತಿತ್ತಾ?" ಅಂದರು. "ಒಂದು ಮಾತು ಹೇಳೋದಲ್ವೇನೇ. ನಾನೇನು ನಿನ್ನ ನುಂಗಿಬಿಡ್ತಿದ್ನೇ?"

ಅಷ್ಟೇ. ಜಗಳವಾಡಲಿಲ್ಲ. ಮುಂದಿನ ದಿನಗಳಲ್ಲಿ ಮತ್ತೆ ಕಿಟಕಿಯ ಹತ್ತಿರ ಕೂತರು. ರಸ್ತೆಯಲ್ಲಿ ಯಾರೂ ನಡೆಯುವುದಿಲ್ಲ ಎಂದು ಹೇಳುವುದನ್ನೂ ಬಿಟ್ಟರು. ಹುಡುಗಿಯರು ಮಲಗಿದ್ದ ಹಾಸಿಗೆಯ ಹೊದಿಕೆಗಳನ್ನು ನಾನು ತೊಳೆಯಲು ಹಾಕಿದಾಗ ದಿಂಬಿನ ಮೇಲೆ ತಲೆಯಷ್ಟು ಅಗಲದ ಎಣ್ಣೆ ಗುರುತಿತ್ತು. ಎರಡು ಸಲ ಮೆಷಿನ್ನಿಗೆ ಹಾಕಿದರೂ ಹೋಗಲಿಲ್ಲ.

ಮುಂದಿನ ಶುಕ್ರವಾರ ಅತ್ತೆ ಸ್ನಾನ ಮಾಡಿ ಬಂದರು, ದೀಪ ಹಚ್ಚಿದರು. ಎಣ್ಣೆಯ ಬಟ್ಟಲು ಶೆಲ್ಫಿನಿಂದ ಇಳಿಯಲಿಲ್ಲ. ಮಗಳ ತಲೆಗಾದರೂ ಒಂದು ಹನಿ ಇಡಲು ಕರೆಯಲಿಲ್ಲ. ನಾನು ಅಡುಗೆಮನೆಯಲ್ಲಿ ಅತ್ತಿತ್ತ ಓಡಾಡಿದೆ, ಡಿಶ್‌ವಾಶರ್‌ನಿಂದ ಪಾತ್ರೆ ತೆಗೆದಿಟ್ಟೆ. ಕೊನೆಗೆ ನಾನೇ ಬಟ್ಟಲು ಇಳಿಸಿ, ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ ಬೆಚ್ಚಗೆ ಮಾಡಿದೆ. ಮಣೆಯನ್ನು ತಂದು ಅವರ ಕುರ್ಚಿಯ ಮುಂದೆ ಹಾಕಿ, ಬೆನ್ನು ಕೊಟ್ಟು ಕೂತು ಜಡೆ ಬಿಚ್ಚಿದೆ. ಮದುವೆಯಾದ ವರ್ಷದ ದೀಪಾವಳಿಯಲ್ಲಿ ಹಾಕಿದ್ದರು, ಆಮೇಲೆ ಅವರ ಕೈಯ ಎಣ್ಣೆ ನನ್ನ ತಲೆಗೆ ಬಿದ್ದಿರಲಿಲ್ಲ.

ಮೇಲೆ ಒಂದು ವಿಮಾನ ಹೋಯಿತು. ಆಮೇಲೆ ಬಟ್ಟಲು ಎತ್ತಿಕೊಂಡ ಸದ್ದಾಯಿತು. ನೆತ್ತಿಯ ಮೇಲೆ ಬೆಚ್ಚಗೆ ಎಣ್ಣೆ ಬಿತ್ತು.

"ಇವತ್ತು ನಿಂಗೆಲ್ಲೂ ಮ್ಯಾಚ್ ಇಲ್ವಲ್ಲ?" ಅಂದರು ಅತ್ತೆ.